ಎತ್ತಿನ ಬಂಡಿಯಲ್ಲಿ ಎರಡು ಸಾವಿರ ಮೈಲಿ

ದಂಡಯಾತ್ರೆಗಳ ಚರಿತ್ರೆಯನ್ನು ನಾವೆಲ್ಲರೂ ಪಾಠಶಾಲೆಯಲ್ಲಿ ಓದಿರುವೆವು. ಯಾವ ಅರಸನು ಎಷ್ಟು ಸಾವಿರ ಕುದುರೆಗಳೊಡನೆ ಯಾವ ನದಿಯನ್ನು ದಾಟಿದನೆಂಬುದು ಗ್ರಂಥಗಳಲ್ಲಿ ವಿಸ್ತಾರವಾಗಿ ದೊರೆಯುವುದು. ಆದರೆ ಸಾಮಾನ್ಯನಾದ ಒಬ್ಬ ರೈತನು ಹೆಂಡತಿಮಕ್ಕಳೊಡನೆ ಒಂದೇ ಬಂಡಿಯಲ್ಲಿ ಒಂದು ಭೂಖಂಡವನ್ನು ಅಡ್ಡಹಾಯಲು ಹೊರಟಾಗ ಏನೇನು ಲೆಕ್ಕ ಹಾಕಿದನು, ಯಾವ ಸಾಮಾನನ್ನು ಕಟ್ಟಿಕೊಂಡನು, ಯಾವುದನ್ನು ಬಿಟ್ಟುಹೋದನು, ಕೈಯಲ್ಲಿದ್ದ ಅಲ್ಪಹಣದಲ್ಲಿ ಹೇಗೆ ಕೊನೆಮುಟ್ಟಿದನು ಎಂಬುದನ್ನು ಆ ಗ್ರಂಥಗಳು ಅಪರೂಪವಾಗಿ ಹೇಳುವುವು. ಗೃಹಸ್ಥರಾದ ನಮಗೆ ದಂಡಿನ ಕಥೆಗಿಂತ ಈ ಕಥೆಯೇ ಹತ್ತಿರದ್ದು. ಊರಿಗೆ ಹೊರಡುವ ಹಿಂದಿನ ರಾತ್ರಿ ಗಂಟುಮೂಟೆಗಳ ನಡುವೆ ಕುಳಿತು, ಇದು ಬೇಕೇ ಅದು ಬೇಡವೇ ಎಂದು ವಾದಿಸದ ಮನೆಯು ಯಾವುದಿದೆ?

ಇಂತಹ ಪ್ರಯಾಣಗಳಲ್ಲಿ ಲೋಕಪ್ರಸಿದ್ಧವಾದದ್ದು ಅಮೆರಿಕದ ಒರೆಗನ್ ದಾರಿಯ ಪ್ರಯಾಣ. ಸುಮಾರು ೧೮೪೦ರಿಂದ ೧೮೬೯ರ ವರೆಗೆ, ಮಿಸೌರಿ ನದಿಯ ದಡದಿಂದ ಪಶ್ಚಿಮ ಸಮುದ್ರದ ಕಡೆಗೆ, ಒರೆಗನ್ನಿಗೂ ಕ್ಯಾಲಿಫೋರ್ನಿಯಕ್ಕೂ ಇತರ ಪಶ್ಚಿಮಪ್ರಾಂತಗಳಿಗೂ ಮೂರು ನಾಲ್ಕು ಲಕ್ಷ ಜನರು ಬಂಡಿಗಳಲ್ಲಿ ಹೋದರೆಂದು ಅಂದಾಜುಮಾಡಲಾಗಿದೆ. ಇವರಲ್ಲಿ ಬಹುಮಂದಿಗೆ ಅದು ಮೊದಲನೆಯ ದೂರಪ್ರಯಾಣ. ಹಿಂದಿರುಗುವ ಉದ್ದೇಶವಿಲ್ಲದವರಿಗೆ ಕಡೆಯ ಪ್ರಯಾಣವೂ ಹೌದು. ೧೮೩೭ರಲ್ಲಿ ಆ ದೇಶದ ಬ್ಯಾಂಕುಗಳು ಮುಗ್ಗರಿಸಿ, ದವಸದ ಬೆಲೆ ಇಳಿದು, ರೈತರು ಸಾಲದಲ್ಲಿ ಸಿಕ್ಕಿಕೊಂಡಿದ್ದರು. ಮಿಸಿಸಿಪಿಯ ತಗ್ಗುಭೂಮಿಗಳಲ್ಲಿ ಚಳಿಜ್ವರವು ಮನೆಮನೆಯನ್ನೂ ಕಾಡುತ್ತಿತ್ತು. ಒರೆಗನ್ನಿನಲ್ಲಿ ನೆಲವು ಫಲವತ್ತಾದುದೆಂದೂ ಬೇಡಿದವನಿಗೆ ದೊರೆಯುವುದೆಂದೂ ಸುದ್ದಿ ಹರಡಿತು. ೧೮೫೦ರ ಕಾನೂನು ಈ ಸುದ್ದಿಗೆ ಮುದ್ರೆಯೊತ್ತಿ, ಒಂಟಿ ಪುರುಷನಿಗೆ ೩೨೦ ಎಕರೆ, ದಂಪತಿಗಳಿಗೆ ೬೪೦ ಎಕರೆ ಭೂಮಿಯನ್ನು ಗೊತ್ತುಮಾಡಿತು. ಭೂಮಿಯೇನೋ ಪುಕ್ಕಟೆ, ಅಲ್ಲಿಗೆ ಹೋಗುವ ವೆಚ್ಚವು ಮಾತ್ರ ಪುಕ್ಕಟೆಯಲ್ಲ. ಈ ವೆಚ್ಚವನ್ನು ಅವರು ಹೇಗೆ ಲೆಕ್ಕಹಾಕಿದರೆಂಬುದೇ ಪ್ರಕೃತ ಲೇಖನದ ವಿಷಯ. ಹಣದ ಲೆಕ್ಕದಿಂದ ತೊಡಗಿದವರು ತೂಕದ ಲೆಕ್ಕವನ್ನು ಕಲಿತರು. ತೂಕದ ಲೆಕ್ಕವನ್ನು ಕಲಿತವರು ಕಡೆಗೆ ದಿನಗಳ ಲೆಕ್ಕಕ್ಕೆ ಬಂದು ನಿಂತರು. ಈ ಮೂರನೆಯದನ್ನು ಮರೆತವರ ಗತಿ ಏನಾಯಿತೆಂಬುದನ್ನೂ ಮುಂದೆ ಕಾಣುವೆವು.

ದಾರಿಯ ಉದ್ದವು ಸುಮಾರು ೨೦೦೦ ಮೈಲಿ. ಎತ್ತಿನ ನಡಿಗೆಯು ಗಂಟೆಗೆ ಎರಡು ಮೈಲಿ. ಮೇವಿಗೂ ವಿಶ್ರಾಂತಿಗೂ ಹೊತ್ತು ಬಿಟ್ಟರೆ ದಿನಕ್ಕೆ ಹದಿನೈದು ಮೈಲಿ ನಡೆದರೆ ಅದು ಒಳ್ಳೆಯ ದಿನ. ಈ ಪ್ರಕಾರ ನೂರಮೂವತ್ತಮೂರು ದಿನಗಳಾಗುವುವು. ಹೊಳೆ ದಾಟುವುದಕ್ಕೆ, ಮುರಿದ ಗಾಲಿಯನ್ನು ಸರಿಪಡಿಸುವುದಕ್ಕೆ, ಹೆರಿಗೆಗೆ, ಮರಣಕ್ಕೆ, ಮಳೆಗೆ ಕೆಲವು ದಿನಗಳನ್ನು ಸೇರಿಸಿದರೆ ಐದು ತಿಂಗಳು. ಈಗ ಪಂಚಾಂಗವನ್ನು ನೋಡಬೇಕು. ಏಪ್ರಿಲಿಗೆ ಮುಂಚೆ ಹೊರಟರೆ ಬಯಲಿನಲ್ಲಿ ಹುಲ್ಲು ಚಿಗುರಿರುವುದಿಲ್ಲ. ಎತ್ತುಗಳು ಉಪವಾಸ ಬೀಳುವುವು. ಐದು ತಿಂಗಳ ಮೇವನ್ನು ಬಂಡಿಯಲ್ಲಿ ಹೇರಿಕೊಂಡು ಹೋಗುವುದು ಅಸಾಧ್ಯವಷ್ಟೆ. ಅಕ್ಟೋಬರು ಕಳೆದ ಮೇಲೆ ಪಶ್ಚಿಮದ ಬೆಟ್ಟಗಳ ಮೇಲೆ ಹಿಮ ಬೀಳುವುದು, ದಾರಿ ಮುಚ್ಚುವುದು. ಹುಲ್ಲಿಗೂ ಹಿಮಕ್ಕೂ ನಡುವೆ ಇರುವ ಕಾಲವೇ ಪ್ರಯಾಣಿಕನ ಬಂಡವಾಳ. ಏಪ್ರಿಲ್ ಕೊನೆಯಿಂದ ಮೇ ನಡುವಿನೊಳಗೆ ಹೊರಡಬೇಕು. ಜುಲೈ ೪ನೆಯ ದಿನ, ಎಂದರೆ ಆ ದೇಶದ ಸ್ವಾತಂತ್ರ್ಯೋತ್ಸವದ ಹೊತ್ತಿಗೆ, ದಾರಿಯ ನಡುವೆ ಆಮೆಯಂತೆ ಮಲಗಿರುವ ಒಂದು ಕಲ್ಲುಗುಡ್ಡವನ್ನು ಸೇರಬೇಕು. ಅದರ ಹೆಸರೇ ಸ್ವಾತಂತ್ರ್ಯಶಿಲೆ. ಅಲ್ಲಿಗೆ ಸಕಾಲದಲ್ಲಿ ತಲಪಿದವರು ಬಂಡೆಯ ಮೇಲೆ ತಮ್ಮ ಹೆಸರುಗಳನ್ನು ಕೆತ್ತಿದರು. ಆ ಹೆಸರುಗಳಲ್ಲಿ ಹಲವು ಇಂದಿಗೂ ಕಾಣುವುವು.

ಇನ್ನು ಬಂಡಿಯ ವಿಷಯ. ಚಿತ್ರಗಳಲ್ಲಿ ಕಾಣುವ ದೊಡ್ಡ ಹಡಗಿನಂತಹ ಬಂಡಿಯು ವ್ಯಾಪಾರಿಗಳದು, ಗೃಹಸ್ಥರದಲ್ಲ. ಬಯಲಿನಲ್ಲಿ ಎಳೆಯಬಹುದಾದ ಆ ಭಾರವು ಬೆಟ್ಟದಲ್ಲಿ ಎತ್ತುಗಳನ್ನು ಕೊಲ್ಲುವುದು. ಆದಕಾರಣ ರೈತನು ತನ್ನ ಹೊಲದ ಬಂಡಿಯನ್ನೇ ಬಲಪಡಿಸಿಕೊಂಡನು. ನಾಲ್ಕು ಅಡಿ ಅಗಲ, ಹತ್ತು ಅಡಿ ಉದ್ದದ ಪೆಟ್ಟಿಗೆ; ಮೇಲೆ ಬಾಗಿಸಿದ ಮರದ ಕಮಾನುಗಳು; ಅವುಗಳ ಮೇಲೆ ಅಗಸೆಯೆಣ್ಣೆ ಬಳಿದ ದಪ್ಪಬಟ್ಟೆ. ಹೊಳೆಯಲ್ಲಿ ತೇಲಿಸಬೇಕಾದಾಗ ಹಲಗೆಗಳ ಸಂದುಗಳಿಗೆ ಟಾರು ಮೆತ್ತುತ್ತಿದ್ದರು. ಕೆಳಗೆ ತೂಗುಹಾಕಿದ ಬಕೆಟ್ಟಿನಲ್ಲಿ ಕೀಲೆಣ್ಣೆ. ನಮ್ಮಲ್ಲಿ ಹರಳೆಣ್ಣೆಯಿಂದಾಗುವ ಕೆಲಸವನ್ನು ಅಲ್ಲಿ ಟಾರೂ ಕೊಬ್ಬೂ ಕೂಡಿ ಮಾಡುತ್ತಿದ್ದುವು. ಈ ಬಂಡಿಗೆ ಸ್ಪ್ರಿಂಗುಗಳಿರಲಿಲ್ಲ. ಒಳಗೆ ಕುಳಿತವರ ಮೈಮೂಳೆಗಳು ಸಡಿಲುವಂತಿದ್ದ ಕಾರಣ, ಎತ್ತುಗಳಿಗೂ ಭಾರವಾಗಬಾರದೆಂಬ ಕಾರಣ, ರೋಗಿಗಳೂ ಹಸುಮಕ್ಕಳೂ ಹೊರತಾಗಿ ಉಳಿದವರೆಲ್ಲರೂ ಬಂಡಿಯ ಪಕ್ಕದಲ್ಲಿ ನಡೆದರು. ಭೂಖಂಡವನ್ನು ಬಂಡಿಯಲ್ಲಿ ದಾಟಿದರೆಂದು ನಾವು ಹೇಳುವೆವು. ನಿಜವಾಗಿ ದಾಟಿದ್ದು ಸಾಮಾನು, ಜನರು ಕಾಲುನಡಿಗೆಯವರು.

ಎಳೆಯುವುದಕ್ಕೆ ಏನನ್ನು ಕಟ್ಟಬೇಕೆಂಬ ವಿಚಾರದಲ್ಲಿ ಆಗಿನವರು ಬಹಳ ವಾದ ಮಾಡಿರುವರು. ಕುದುರೆಯು ಧಾನ್ಯವನ್ನು ಬೇಡುವುದು. ಹೇಸರಗತ್ತೆಯು ಚುರುಕಾಗಿ ನಡೆಯುವುದು. ಆದರೆ ಬೆಲೆ ಹೆಚ್ಚು. ಸೈನ್ಯಾಧಿಕಾರಿಯಾಗಿದ್ದ ಕ್ಯಾಪ್ಟನ್ ರಾಂಡಾಲ್ಫ್ ಮಾರ್ಸಿ ಎಂಬಾತನು ೧೮೫೯ರಲ್ಲಿ ಪ್ರಯಾಣಿಕರಿಗಾಗಿ ಒಂದು ಕೈಪಿಡಿಯನ್ನು ಪ್ರಕಟಿಸಿದನು. ಆರು ಹೇಸರಗತ್ತೆಗಳಿಗೆ ೬೦೦ ಡಾಲರು ಬೀಳುವಲ್ಲಿ ಎಂಟು ಎತ್ತುಗಳು ೨೦೦ ಡಾಲರಿಗೆ ದೊರೆಯುವುವೆಂದು ಆತನು ಅದರಲ್ಲಿ ಬರೆದಿರುವನು. ಎತ್ತು ನಿಧಾನ, ಆದರೆ ಒರಟುಹುಲ್ಲನ್ನು ತಿಂದು ಬದುಕುವುದು, ಕಳ್ಳರ ಕಣ್ಣಿಗೆ ಅಷ್ಟಾಗಿ ಬೀಳದು, ಊರು ಸೇರಿದ ಮೇಲೆ ನೇಗಿಲಿಗೂ ಒದಗುವುದು. ಬಡವನಿಗೆ ನಿಧಾನವೇ ಅಗ್ಗ. ಬಹುಮಂದಿ ಎರಡು ಮೂರು ಜೋಡಿ ಎತ್ತುಗಳನ್ನು ಕಟ್ಟಿದರು. ಜೋಡಿ ಸಾಲದಿದ್ದಲ್ಲಿ ಹಸುಗಳಿಗೂ ನೊಗ ಹೂಡಿದರು. ಎಲ್ಲವನ್ನೂ ಹೊಸದಾಗಿ ಕೊಳ್ಳುವ ಸಂಸಾರಕ್ಕೆ ಐದುನೂರರಿಂದ ಸಾವಿರ ಡಾಲರಿನ ತನಕ ಬೇಕಾಗುತ್ತಿತ್ತೆಂದು ಇತಿಹಾಸಜ್ಞರ ಅಂದಾಜು. ಬಂಡಿ, ಎತ್ತು, ಬಂದೂಕುಗಳು ಮನೆಯಲ್ಲಿಯೇ ಇದ್ದವನಿಗೆ ಇದಕ್ಕಿಂತ ಕಡಿಮೆ ಸಾಕಾಯಿತು. ಏನೂ ಇಲ್ಲದ ಯುವಕರು ಇನ್ನೊಬ್ಬರ ಬಂಡಿ ಹೊಡೆಯಲು ಒಪ್ಪಿಕೊಂಡು, ಊಟವನ್ನೇ ಸಂಬಳವೆಂದು ಭಾವಿಸಿ ಹೋದರು.

ಹಣದ ಲೆಕ್ಕ ಮುಗಿದಲ್ಲಿ ತೂಕದ ಲೆಕ್ಕ ತೊಡಗುವುದು. ಲ್ಯಾನ್ಸ್‌ಫರ್ಡ್ ಹೇಸ್ಟಿಂಗ್ಸ್ ಎಂಬ ವಕೀಲನು ೧೮೪೫ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯಲ್ಲಿ ತಲೆಯೊಂದಕ್ಕೆ ಕಡಿಮೆಯೆಂದರೆ ೨೦೦ ರಾತ್ತಲು ಹಿಟ್ಟು, ಉಪ್ಪು ಹಾಕಿ ಹದಮಾಡಿದ ಹಂದಿಯ ಮಾಂಸ ೧೫೦ ರಾತ್ತಲು, ಕಾಫಿ ೧೦, ಸಕ್ಕರೆ ೨೦, ಉಪ್ಪು ೧೦ ರಾತ್ತಲು ಇರಬೇಕೆಂದು ಹೇಳಿದೆ. ಇವನ್ನು ಕೂಡಿಸಿದರೆ ಒಬ್ಬನಿಗೆ ೩೯೦ ರಾತ್ತಲು. ಮನೆಯಲ್ಲಿ ನಾಲ್ವರು ದೊಡ್ಡವರಿದ್ದರೆ ೧೫೬೦. ಬಂಡಿಯ ಹೇರು ಸುಮಾರು ೨೦೦೦ ರಾತ್ತಲಿಗೆ ಮೀರಬಾರದೆಂಬುದು ಬಲ್ಲವರ ಮಾತು. ಹೀಗಿರಲು, ಉಳಿದದ್ದು ೪೪೦ ರಾತ್ತಲು ಮಾತ್ರ. ಹಾಸಿಗೆ, ಬಟ್ಟೆ, ಪಾತ್ರೆ, ಕೊಡಲಿ, ಗರಗಸ, ಹಗ್ಗ, ಹೆಚ್ಚಿನ ಅಚ್ಚು, ಗುಂಡುಮದ್ದು, ನೀರಿನ ಪೀಪಾಯಿ, ಬಿತ್ತನೆಯ ಬೀಜ, ಔಷಧ, ಪುಸ್ತಕ ಎಲ್ಲವೂ ಈ ೪೪೦ರಲ್ಲಿ ಅಡಗಬೇಕು. ತಾಯಿಯಿಂದ ಬಂದ ಮರದ ಪೆಟ್ಟಿಗೆ, ಅಜ್ಜನ ಗಡಿಯಾರ, ಮದುವೆಯಲ್ಲಿ ಬಂದ ಪಿಂಗಾಣಿ ಪಾತ್ರೆಗಳು ಇವುಗಳ ಗತಿಯೇನು? ಹೊಸ ದೇಶದಲ್ಲಿ ಮನೆಯನ್ನು ಮನೆಯೆನಿಸುವ ವಸ್ತುಗಳು ಇವೇ ಎಂದು ಮನಸ್ಸು ಹೇಳುವುದು. ತಕ್ಕಡಿಯು ಇದನ್ನು ಒಪ್ಪದು.

ಆಹಾರದ ವಿಷಯದಲ್ಲಿ ಮಾರ್ಸಿಯ ಪುಸ್ತಕವು ಇನ್ನೂ ಬಿಗಿಯಾದುದು. ಕ್ಯಾಲಿಫೋರ್ನಿಯದ ವರೆಗಿನ ೧೧೦ ದಿನಗಳಿಗೆ ಒಬ್ಬನಿಗೆ ಹಿಟ್ಟು ೧೫೦ ರಾತ್ತಲು, ಮಾಂಸ ೨೫, ಕಾಫಿ ೧೫, ಸಕ್ಕರೆ ೨೫ ಎಂದು ಆತನು ಗೊತ್ತುಮಾಡಿ, ಉಳಿದ ಮಾಂಸವು ತನ್ನ ಕಾಲಿನ ಮೇಲೆಯೇ ನಡೆದುಬರಲಿ, ಎಂದರೆ ದನಗಳನ್ನು ಹೊಡೆದುಕೊಂಡು ಹೋಗಿರಿ ಎಂದು ಸೂಚಿಸಿರುವನು. ಈ ಕೈಪಿಡಿಯಲ್ಲಿ ನಮ್ಮ ಗೃಹಿಣಿಯರಿಗೆ ಚಿರಪರಿಚಿತವಾದ ಎರಡು ಸಂಗತಿಗಳಿರುವುವು. ಬೆಣ್ಣೆ ಕೆಡದಿರಬೇಕಾದರೆ ಅದನ್ನು ಚೆನ್ನಾಗಿ ಕಾಯಿಸಿ, ಮೇಲೆ ಬಂದ ನೊರೆಯನ್ನು ತೆಗೆಯುತ್ತ, ಎಣ್ಣೆಯಂತೆ ತಿಳಿಯಾದ ಮೇಲೆ ತಗಡಿನ ಡಬ್ಬಿಯಲ್ಲಿ ತುಂಬಿ ಬೆಸೆಯಬೇಕಂತೆ. ಇದು ನಮ್ಮ ತುಪ್ಪವಲ್ಲದೆ ಬೇರೇನು? ಎರಡನೆಯದು, ಮುಸುಕಿನ ಜೋಳವನ್ನು ಹುರಿದು ಕುಟ್ಟಿ, ಸ್ವಲ್ಪ ಸಕ್ಕರೆಯನ್ನೂ ದಾಲ್ಚಿನ್ನಿಯನ್ನೂ ಬೆರೆಸಿ ಇಟ್ಟುಕೊಂಡರೆ, ಒಲೆಯಿಲ್ಲದೆಡೆಯಲ್ಲಿ ನೀರಿನಲ್ಲಿ ಕಲಸಿ ತಿನ್ನಬಹುದಂತೆ. ನಮ್ಮ ಪ್ರಯಾಣಿಕರ ಬುತ್ತಿಯಲ್ಲಿದ್ದ ಹುರಿಹಿಟ್ಟಿಗೂ ಇದಕ್ಕೂ ಧಾನ್ಯವೊಂದೇ ಭೇದ. ದೂರದೇಶಗಳ ಜನರು ಒಬ್ಬರನ್ನೊಬ್ಬರು ನೋಡದೆಯೇ ಒಂದೇ ಕಷ್ಟಕ್ಕೆ ಒಂದೇ ಉಪಾಯವನ್ನು ಕಂಡುಕೊಂಡಿರುವರು.

ಕೆಲವು ಉಪಾಯಗಳು ದಾರಿಯಲ್ಲಿಯೇ ಹುಟ್ಟಿದುವು. ಬೆಳಗಿನ ಹಾಲಿನ ಕೆನೆಯನ್ನು ಮುಚ್ಚಳದ ಪಾತ್ರೆಯಲ್ಲಿ ಹಾಕಿ ಬಂಡಿಗೆ ತೂಗುಹಾಕಿದರೆ, ಸಂಜೆಯ ಹೊತ್ತಿಗೆ ಬಂಡಿಯ ಕುಲುಕಾಟವೇ ಕಡೆಗೋಲಿನ ಕೆಲಸವನ್ನು ಮಾಡಿ ಬೆಣ್ಣೆಯನ್ನು ತೆಗೆದಿಡುತ್ತಿತ್ತು. ಮರಗಳಿಲ್ಲದ ಪ್ಲಾಟ್ ನದಿಯ ಬಯಲಿನಲ್ಲಿ ಸೌದೆ ಸಿಗದೆ, ಬೈಸನ್ ಎಂಬ ಕಾಡುದನಗಳ ಒಣಗಿದ ಸಗಣಿಯಿಂದ ಅಡಿಗೆ ಮಾಡಬೇಕಾಯಿತು. ಪೇಟೆಯ ಹೆಂಗಸರು ಮೊದಮೊದಲು ಇದಕ್ಕೆ ಅಸಹ್ಯಪಟ್ಟು, ಕೆಲವೇ ದಿನಗಳಲ್ಲಿ ಸೆರಗಿನ ತುಂಬ ಆರಿಸಿ ತರತೊಡಗಿದರೆಂದು ಆಗಿನ ದಿನಚರಿಗಳಿಂದ ತಿಳಿದುಬರುವುದು. ಬೆರಣಿಯ ಒಲೆಯ ಮುಂದೆ ಬೆಳೆದ ನಮಗೆ ಅವರ ಅಸಹ್ಯವೇ ಸೋಜಿಗ!

ಅತಿಭಾರವನ್ನು ಹೇರಿದವರಿಗೆ ದಾರಿಯೇ ಗುರುವಾಯಿತು. ೧೮೪೮ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿಯಿಂದ ೧೮೪೯ರಲ್ಲಿ ಸಾವಿರಗಟ್ಟಲೆ ಜನರು ಅವಸರದಿಂದ ಹೊರಟರು. ಸುಮಾರು ಆರುನೂರು ಮೈಲಿ ನಡೆದು ಲ್ಯಾರಮಿ ಕೋಟೆಯ ಬಳಿಗೆ ಬರುವಷ್ಟರಲ್ಲಿ ಎತ್ತುಗಳು ಸೋತಿದ್ದುವು. ಬೆಟ್ಟದ ಏರು ಮುಂದಿತ್ತು. ಆಗ ಕಬ್ಬಿಣದ ಒಲೆ, ಪೆಟ್ಟಿಗೆ, ಕುಲುಮೆಯ ಸಾಮಾನು, ಮಾಂಸದ ಮೂಟೆ, ಹಿಟ್ಟಿನ ಚೀಲ ಎಲ್ಲವನ್ನೂ ದಾರಿಯ ಪಕ್ಕದಲ್ಲಿ ರಾಶಿಹಾಕಿ ಹೋದರು. ಹೊರಡುವಾಗ ಹಣ ಕೊಟ್ಟು ಕೊಂಡುದನ್ನು ಇಲ್ಲಿ ಪುಕ್ಕಟೆ ಕೊಡುವೆನೆಂದರೂ ತೆಗೆದುಕೊಳ್ಳುವವರಿರಲಿಲ್ಲ. ಮನೆಯಲ್ಲಿ ಕುಳಿತು ಬಿಡಲಾರದವನು ಮಾರ್ಗದಲ್ಲಿ ಬಿಡಬೇಕಾಗುವುದು. ಅಷ್ಟರಲ್ಲಿ ಆರುನೂರು ಮೈಲಿ ಅದನ್ನು ಎಳೆದ ಎತ್ತಿನ ಶಕ್ತಿಯು ವ್ಯರ್ಥವಾಗಿ ಹೋಗಿರುವುದು.

ಇಷ್ಟು ಜನರು ಒಂದೇ ದಾರಿಯಲ್ಲಿ ಹೋಗುವಾಗ ವ್ಯವಸ್ಥೆಯಿಲ್ಲದೆ ನಡೆಯದು. ನಮ್ಮ ಪ್ರಾಚೀನರು ಇಂತಹ ಸಮೂಹವನ್ನು ಸಾರ್ಥವೆಂದೂ ಅದರ ನಾಯಕನನ್ನು ಸಾರ್ಥವಾಹನೆಂದೂ ಕರೆದರು. ೧೮೪೩ರ ಮೇ ತಿಂಗಳಲ್ಲಿ ಮಿಸೌರಿಯ ಗಡಿಯಿಂದ ಹೊರಟ ಸಾರ್ಥದಲ್ಲಿ ಸುಮಾರು ಸಾವಿರ ಜನರಿದ್ದರು. ಅದರ ಒಂದು ಭಾಗಕ್ಕೆ ನಾಯಕನಾಗಿದ್ದ ಜೆಸ್ಸಿ ಆಪಲ್‌ಗೇಟ್ ಎಂಬಾತನು ಒಂದು ದಿನದ ಕ್ರಮವನ್ನು ವಿವರವಾಗಿ ಬರೆದಿಟ್ಟಿರುವನು. ಬೆಳಗಿನ ನಾಲ್ಕು ಗಂಟೆಗೆ ಕಾವಲುಗಾರರ ಬಂದೂಕಿನ ಸದ್ದು. ಏಳು ಗಂಟೆಗೆ ಸರಿಯಾಗಿ ಪ್ರಯಾಣ. ಅರುವತ್ತು ಬಂಡಿಗಳನ್ನು ನಾಲ್ಕು ನಾಲ್ಕರಂತೆ ಹದಿನೈದು ಗುಂಪುಗಳಾಗಿ ಮಾಡಿದ್ದರು. ಇಂದು ಮುಂದೆ ನಡೆದ ಗುಂಪು ನಾಳೆ ಎಲ್ಲರಿಗಿಂತ ಹಿಂದೆ. ಮುಂದಿನ ಬಂಡಿಗಳ ಧೂಳನ್ನು ಹಿಂದಿನವರು ನುಂಗಬೇಕಷ್ಟೆ. ಆದಕಾರಣ ಧೂಳನ್ನೂ ಸರದಿಯ ಮೇಲೆ ಹಂಚಿಕೊಂಡರು. ಏಳು ಗಂಟೆಗೆ ಸಿದ್ಧನಾಗದವನು ತನ್ನ ಸರದಿಯನ್ನು ಕಳೆದುಕೊಂಡು, ಆ ದಿನವೆಲ್ಲ ಕೊನೆಯ ಧೂಳಿನಲ್ಲಿ ನಡೆಯಬೇಕು. ಇದಕ್ಕಿಂತ ಅಗ್ಗವೂ ನ್ಯಾಯವೂ ಆದ ದಂಡನೆಯನ್ನು ಯಾವ ನ್ಯಾಯಸ್ಥಾನವು ವಿಧಿಸಿರುವುದು? ಸಂಜೆ ಬಂಡಿಗಳನ್ನು ವರ್ತುಲಾಕಾರವಾಗಿ ನಿಲ್ಲಿಸಿ, ಒಂದರ ಮೂಕಿಯನ್ನು ಇನ್ನೊಂದಕ್ಕೆ ಬಿಗಿದು, ದನಗಳು ಚೆದರದಂತೆ ದೊಡ್ಡಿಯನ್ನು ಕಟ್ಟಿಕೊಳ್ಳುತ್ತಿದ್ದರು.

ದಾರಿಯಲ್ಲಿ ಸತ್ತವರು ಹಲವರು. ನಾಟಕ, ಚಲಚ್ಚಿತ್ರಗಳು ಇದಕ್ಕೆ ಮೂಲನಿವಾಸಿಗಳ ಬಾಣಗಳೇ ಕಾರಣವೆಂಬ ಭಾವನೆಯನ್ನು ಹರಡಿರುವುವು. ೧೯೭೯ರಲ್ಲಿ ಪ್ರಕಟವಾದ ಜಾನ್ ಅನ್ರು ಎಂಬ ಪಂಡಿತನ ಸಂಶೋಧನೆಯ ಪ್ರಕಾರ ೧೮೪೦ರಿಂದ ೧೮೬೦ರ ವರೆಗೆ ಮೂಲನಿವಾಸಿಗಳ ಕೈಯಲ್ಲಿ ಮಡಿದ ಪ್ರಯಾಣಿಕರು ೩೬೨. ಪ್ರಯಾಣಿಕರ ಕೈಯಲ್ಲಿ ಮಡಿದ ಮೂಲನಿವಾಸಿಗಳು ೪೨೬. ರೋಗಗಳಿಂದ ಸತ್ತವರ ಮುಂದೆ ಈ ಸಂಖ್ಯೆಯು ಅಲ್ಪ. ೧೮೪೯ರಿಂದ ಕೆಲವು ವರ್ಷ ಕಾಲರಾ ಜಾಡ್ಯವು ಬಂಡಿಗಳೊಡನೆಯೇ ಪ್ರಯಾಣ ಮಾಡಿತು. ಸಾವಿರಾರು ಜನರು ಒಂದೇ ದಡದಲ್ಲಿ ತಂಗಿ, ಒಂದೇ ನೀರನ್ನು ಮಲಿನಮಾಡಿ, ಅದನ್ನೇ ಕುಡಿದರು. ಬೆಳಿಗ್ಗೆ ನಡೆಯುತ್ತಿದ್ದವನನ್ನು ಸಂಜೆ ಹೂಳಿದ ಪ್ರಸಂಗಗಳುಂಟು. ಕಾಫಿಗಾಗಿ ನೀರನ್ನು ಕುದಿಸಿದವರಿಗೆ ತಮಗರಿವಿಲ್ಲದೆಯೇ ಒಂದು ರಕ್ಷಣೆಯು ದೊರೆತಿತು. ಇದಲ್ಲದೆ ಹೊಳೆಗಳಲ್ಲಿ ಮುಳುಗಿದವರು, ತಮ್ಮದೇ ಬಂದೂಕು ಹಾರಿ ಸತ್ತವರು, ಓಡುವ ಬಂಡಿಯಿಂದ ಜಾರಿ ಗಾಲಿಗೆ ಸಿಕ್ಕಿದ ಮಕ್ಕಳು ಅನೇಕರು.

ಈಗ ದಿನಗಳ ಲೆಕ್ಕವನ್ನು ಮರೆತವರ ಕಥೆಗೆ ಬರೋಣ. ೧೮೪೬ರ ಏಪ್ರಿಲಿನಲ್ಲಿ ಇಲಿನಾಯ್ ಪ್ರಾಂತದ ಸ್ಪ್ರಿಂಗ್‌ಫೀಲ್ಡಿನಿಂದ ಜಾರ್ಜ್ ಡಾನರ್, ಆತನ ತಮ್ಮನಾದ ಜೇಕಬ್, ಜೇಮ್ಸ್ ರೀಡ್ ಎಂಬವರ ಸಂಸಾರಗಳು ಕ್ಯಾಲಿಫೋರ್ನಿಯಕ್ಕೆ ಹೊರಟುವು. ಇವರು ಬಡವರಲ್ಲ. ರೀಡನ ಸಂಸಾರದ ಬಂಡಿಯು ಇತರ ಬಂಡಿಗಳಿಗಿಂತ ದೊಡ್ಡದು. ಅದರಲ್ಲಿ ಬೆಂಚುಗಳೂ ಒಲೆಯೂ ಇದ್ದುವು. ಆ ವರ್ಷದ ಕೊನೆಯ ಸಾರ್ಥಗಳಲ್ಲಿ ಒಂದಾಗಿ ಇವರು ಮಿಸೌರಿಯ ಗಡಿಯನ್ನು ಮೇ ನಡುವಿನಲ್ಲಿ ಬಿಟ್ಟರು. ದಾರಿಯಲ್ಲಿ ಇವರ ಕೈಗೆ ಸಿಕ್ಕಿದ್ದು ಅದೇ ಹೇಸ್ಟಿಂಗ್ಸನ ಸಲಹೆ. ಆಹಾರದ ತೂಕವನ್ನು ಅಷ್ಟು ಸರಿಯಾಗಿ ಹೇಳಿದ್ದ ಆತನ ಪುಸ್ತಕದಲ್ಲಿ ಸಾಲ್ಟ್ ಲೇಕ್ ಸರೋವರದ ದಕ್ಷಿಣಕ್ಕೆ ಹೋಗುವ ಒಂದು ಅಡ್ಡದಾರಿಯ ಪ್ರಸ್ತಾಪವೂ ಇದ್ದಿತು. ಪುಸ್ತಕವನ್ನು ಬರೆದಾಗ ಆತನು ಆ ದಾರಿಯಲ್ಲಿ ನಡೆದಿರಲಿಲ್ಲ. ಮಾರನೆಯ ವರ್ಷ ಕುದುರೆಯ ಮೇಲೆ ಒಮ್ಮೆ ಬಂದಿದ್ದನು. ಕುದುರೆ ಬಂದ ಕಡೆ ಬಂಡಿ ಬರುವುದೇ ಎಂಬುದನ್ನು ಪರೀಕ್ಷಿಸಿರಲಿಲ್ಲ. ಜೇಮ್ಸ್ ಕ್ಲೈಮನ್ ಎಂಬ ಅನುಭವಿಯು ಲ್ಯಾರಮಿ ಕೋಟೆಯ ಬಳಿ ರೀಡನನ್ನು ಕಂಡು, ಹಳೆಯ ದಾರಿಯನ್ನು ಬಿಡಬೇಡವೆಂದು ಎಚ್ಚರಿಸಿದನು. ಹತ್ತಿರದ ದಾರಿಯಿರುವಾಗ ಸುತ್ತುದಾರಿಯೇಕೆಂಬುದು ರೀಡನ ಅಭಿಪ್ರಾಯವಾಗಿದ್ದಿತು.

ಜುಲೈ ತಿಂಗಳಲ್ಲಿ ಸಾರ್ಥವು ಎರಡಾಯಿತು. ಹೆಚ್ಚಿನವರು ಹಳೆಯ ದಾರಿಯನ್ನು ಹಿಡಿದು ಕ್ಷೇಮವಾಗಿ ಕ್ಯಾಲಿಫೋರ್ನಿಯವನ್ನು ಸೇರಿದರು. ಡಾನರ್ ಪಂಗಡದವರು ಜುಲೈ ೩೧ರಂದು ಬ್ರಿಜರ್ ಕೋಟೆಯನ್ನು ಬಿಟ್ಟು ಅಡ್ಡದಾರಿಗಿಳಿದರು. ಮುಂದೆ ದಾರಿಯೇ ಇರಲಿಲ್ಲ. ವಾಸಾಚ್ ಬೆಟ್ಟಗಳಲ್ಲಿ ಮರಗಳನ್ನು ಕಡಿದು, ಬಂಡೆಗಳನ್ನು ಉರುಳಿಸಿ, ಸರೋವರದ ಕಣಿವೆಯನ್ನು ಸೇರುವಷ್ಟರಲ್ಲಿ ಆಗಸ್ಟ್ ೨೨ ಆಗಿತ್ತು. ಅಲ್ಲಿಂದ ಮುಂದೆ ಉಪ್ಪಿನ ಮರಳುಗಾಡು. ನಲವತ್ತು ಮೈಲಿಯೆಂದು ನಂಬಿದ್ದುದು ಸುಮಾರು ಎಂಬತ್ತು ಮೈಲಿಯಾಗಿತ್ತು. ನೀರಿಲ್ಲದೆ ಎತ್ತುಗಳು ಸತ್ತುವು. ಕೆಲವು ಹುಚ್ಚೆದ್ದು ಓಡಿದುವು. ರೀಡನ ದೊಡ್ಡ ಬಂಡಿಯನ್ನು ಬಿಟ್ಟುಹೋಗಬೇಕಾಯಿತು. ಹಳೆಯ ದಾರಿಯನ್ನು ಮತ್ತೆ ಕೂಡಿಕೊಂಡಾಗ ಸೆಪ್ಟೆಂಬರು ಮುಗಿಯುತ್ತ ಬಂದಿತ್ತು. ಉಳಿಸಹೋದ ಮೈಲಿಗಳು ಉಳಿಯಲಿಲ್ಲ. ಅಡ್ಡದಾರಿಯೇ ಹಳೆಯ ದಾರಿಗಿಂತ ಉದ್ದವಾಗಿ ಪರಿಣಮಿಸಿತು. ಸಿಯೆರಾ ನೆವಾಡ ಬೆಟ್ಟಗಳ ಕೊನೆಯ ಘಟ್ಟವು ಕಣ್ಣಿಗೆ ಕಾಣುತ್ತಿರುವಾಗಲೇ, ನವೆಂಬರಿನ ಮೊದಲಲ್ಲಿ, ಹಿಮವು ದಾರಿಯನ್ನು ಮುಚ್ಚಿತು. ಒಂದು ಸರೋವರದ ದಡದಲ್ಲಿಯೂ ಅದರ ಸಮೀಪದ ಒಂದು ಹಳ್ಳದ ಬಳಿಯಲ್ಲಿಯೂ ಗುಡಿಸಲು ಹಾಕಿಕೊಂಡು ಅವರು ಚಳಿಗಾಲವನ್ನು ಕಳೆದರು. ಎತ್ತುಗಳನ್ನು ತಿಂದರು, ಚರ್ಮವನ್ನು ಬೇಯಿಸಿ ತಿಂದರು, ಕಡೆಗೆ ಬದುಕಿದ್ದವರಲ್ಲಿ ಕೆಲವರು ಸತ್ತವರ ಮಾಂಸದಿಂದ ಜೀವ ಹಿಡಿದುಕೊಳ್ಳಬೇಕಾಯಿತು. ೧೮೪೭ರ ಫೆಬ್ರವರಿಯಿಂದ ಏಪ್ರಿಲಿನ ವರೆಗೆ ರಕ್ಷಕರು ತಂಡತಂಡವಾಗಿ ಬಂದು ಉಳಿದವರನ್ನು ಇಳಿಸಿದರು. ೮೭ ಜನರಲ್ಲಿ ಅರ್ಧಕ್ಕೆ ಸ್ವಲ್ಪ ಮೇಲ್ಪಟ್ಟು ಬದುಕಿದರು. ರೀಡನ ಮನೆಯ ವರ್ಜೀನಿಯ ಎಂಬ ಹದಿಮೂರು ವರ್ಷದ ಹುಡುಗಿ ಆ ವರ್ಷದ ಮೇ ತಿಂಗಳಲ್ಲಿ ತನ್ನ ಬಂಧುವಿಗೆ ಬರೆದ ಪತ್ರದಲ್ಲಿ, ಅಡ್ಡದಾರಿಯನ್ನು ಎಂದೂ ಹಿಡಿಯಬಾರದೆಂದೂ ನಿಲ್ಲದೆ ಮುಂದೆ ನಡೆಯಬೇಕೆಂದೂ ಬುದ್ಧಿ ಹೇಳಿರುವಳು. ಈ ಮಾತನ್ನು ಆಕೆಯು ಬಹಳ ಬೆಲೆ ಕೊಟ್ಟು ಕಲಿತಿದ್ದಳು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಡಾನರ್ ಪಂಗಡದವರಿಗೆ ಹಣದ ಕೊರತೆ ಇರಲಿಲ್ಲ. ಸಾಮಾನಿನ ಕೊರತೆ ಇರಲಿಲ್ಲ. ದಿನಗಳ ಕೊರತೆ ಇದ್ದಿತು. ನಿಧಾನವಾಗಿ ನಡೆದುದರಿಂದ ಅವರು ಕೆಡಲಿಲ್ಲ. ಎತ್ತಿನ ನಡಿಗೆ ಎಲ್ಲರಿಗೂ ಒಂದೇ. ತಡವಾಗಿ ಹೊರಟು, ಆ ತಡವನ್ನು ಒಂದು ಅಡ್ಡದಾರಿಯಿಂದ ತುಂಬಿಕೊಳ್ಳುವೆವೆಂದು ನಂಬಿ ಕೆಟ್ಟರು. ನಿಧಾನಕ್ಕೂ ವಿಳಂಬಕ್ಕೂ ಇರುವ ಅಂತರವನ್ನು ಇದಕ್ಕಿಂತ ಕಠಿನವಾಗಿ ತೋರಿಸುವ ದೃಷ್ಟಾಂತವು ಪ್ರವಾಸಗಳ ಇತಿಹಾಸದಲ್ಲಿ ವಿರಳ.

ಈ ಪ್ರಯಾಣದ ಜಮಾಖರ್ಚಿನಲ್ಲಿ ಯಾರೂ ಬರೆಯದೆ ಬಿಟ್ಟ ಒಂದು ಖರ್ಚೂ ಉಂಟು. ಆ ಬಯಲು ಬರಿದಾದ ಬಯಲಾಗಿರಲಿಲ್ಲ. ಪಾನಿ, ಲಕೋಟ, ಶಯೆನ್, ಶೊಶೋನಿ ಮೊದಲಾದ ಜನಾಂಗಗಳು ಅಲ್ಲಿ ತಲೆತಲಾಂತರದಿಂದ ಬಾಳಿದ್ದುವು. ಮೊದಮೊದಲು ಅವರಲ್ಲಿ ಹಲವರು ಪ್ರಯಾಣಿಕರಿಗೆ ಹೊಳೆ ದಾಟಿಸಿದರು, ಮೀನು ಮಾರಿದರು, ದಾರಿ ತೋರಿದರು. ಆದರೆ ಪ್ರತಿವರ್ಷವೂ ಹಾದುಹೋಗುವ ಲಕ್ಷೋಪಲಕ್ಷ ಗೊರಸುಗಳು ನದೀತೀರದ ಹುಲ್ಲನ್ನು ಮುಗಿಸಿದುವು. ದಡದ ಮರಗಳು ಸೌದೆಯಾದುವು. ಬೈಸನ್ ಹಿಂಡುಗಳು ದೂರ ಸರಿದುವು. ಕಾಲರಾ ಅವರ ಬಿಡಾರಗಳನ್ನೂ ಹೊಕ್ಕಿತು. ೧೮೫೧ರಲ್ಲಿ ಲ್ಯಾರಮಿ ಕೋಟೆಯ ಸಮೀಪದಲ್ಲಿ ನಡೆದ ಕೌಲಿನಲ್ಲಿ, ಈ ನಷ್ಟಕ್ಕಾಗಿ ವರ್ಷಕ್ಕೆ ೫೦,೦೦೦ ಡಾಲರು ಬೆಲೆಯ ಸಾಮಗ್ರಿಯನ್ನು ೫೦ ವರ್ಷ ಕೊಡುವುದಾಗಿ ಸರ್ಕಾರವು ಒಪ್ಪಿತು. ಆ ಮೇಲೆ ಅಲ್ಲಿಯ ಸೆನೆಟ್ ಸಭೆಯು ೫೦ ವರ್ಷಗಳನ್ನು ಹತ್ತಕ್ಕೆ ಇಳಿಸಿತು. ಬಡ ರೈತನು ಅಗ್ಗದಲ್ಲಿ ಭೂಖಂಡವನ್ನು ದಾಟಿದನೆಂದು ನಾವು ಮೆಚ್ಚುವಾಗ, ಮೇವು, ನೀರು, ಸೌದೆಗಳ ಬೆಲೆಯನ್ನು ತೆತ್ತವರು ಬೇರೆಯವರೆಂಬುದನ್ನು ಮರೆಯಬಾರದು.

ಮಿತವ್ಯಯದಿಂದ ಗುರಿ ಸೇರಿದ ಒಬ್ಬನನ್ನು ನೆನೆದು ಈ ಲೇಖನವನ್ನು ಮುಗಿಸುವೆನು. ಎಜ್ರಾ ಮೀಕರ್ ಎಂಬ ಇಪ್ಪತ್ತೊಂದು ವರ್ಷದ ಯುವಕನು ೧೮೫೨ರ ವಸಂತದಲ್ಲಿ ಹೆಂಡತಿಯನ್ನೂ ಕೆಲವೇ ವಾರಗಳ ಕೂಸನ್ನೂ ಕರೆದುಕೊಂಡು ಅಯೋವ ಪ್ರಾಂತದಿಂದ ಹೊರಟನು. ಎರಡು ಜೋಡಿ ಎತ್ತು, ಒಂದು ಜೋಡಿ ಹಸು, ಒಂದು ಬಂಡಿ. ಇದೇ ಆತನ ಐಶ್ವರ್ಯ. ಬೆಣ್ಣೆ ಕರಗದಂತೆ ಅದನ್ನು ಹಿಟ್ಟಿನ ಚೀಲದ ನಡುವೆ ಹುದುಗಿಸಿದ್ದರು. ಮೊಟ್ಟೆಗಳನ್ನು ಹಿಟ್ಟಿನಲ್ಲಿ ಹೂತಿಟ್ಟಿದ್ದರು. ಕುಂಬಳದ ಹೋಳುಗಳನ್ನು ಒಣಗಿಸಿ ಕಟ್ಟಿದ್ದರು. ಕಾಲರಾ ಅತ್ಯುಗ್ರವಾಗಿದ್ದ ವರ್ಷವದು. ಆದರೂ ಆ ಮೂವರು ಅಕ್ಟೋಬರ್ ೧ರಂದು ಪೋರ್ಟ್‌ಲೆಂಡ್ ಊರನ್ನು ಸೇರಿದರು. ಕೈಯಲ್ಲಿ ಉಳಿದಿದ್ದದ್ದು ಬೆರಳೆಣಿಕೆಯ ಡಾಲರುಗಳು. ಮೀಕರ್ ಅಲ್ಲಿ ದುಡಿದು ಸಿರಿವಂತನಾದನು. ಕಾಲಾಂತರದಲ್ಲಿ ಆ ಸಿರಿಯನ್ನು ಕಳೆದುಕೊಂಡನು.

೧೮೬೯ರ ಮೇ ತಿಂಗಳಲ್ಲಿ ಪೂರ್ವಪಶ್ಚಿಮಗಳ ರೈಲುದಾರಿಗಳು ಕೂಡಿದುವು. ಐದು ತಿಂಗಳ ದಾರಿಯು ಒಂದು ವಾರದ ದಾರಿಯಾಯಿತು. ಬಂಡಿಯ ಜಾಡುಗಳ ಮೇಲೆ ಜನರು ಉಳುಮೆ ಮಾಡತೊಡಗಿದರು. ದಾರಿಯ ಪಕ್ಕದ ಗೋರಿಗಳನ್ನು ಗುರುತಿಸುವವರಿಲ್ಲವಾಯಿತು. ಇದನ್ನು ಸಹಿಸಲಾರದೆ ಮೀಕರನು ೧೯೦೬ರ ಜನವರಿಯಲ್ಲಿ, ತನ್ನ ಎಪ್ಪತ್ತೈದನೆಯ ವಯಸ್ಸಿನಲ್ಲಿ, ಹಳೆಯ ಬಂಡಿಗಳ ಭಾಗಗಳಿಂದ ಒಂದು ಬಂಡಿಯನ್ನು ಮಾಡಿಸಿ, ಟ್ವಿಸ್ಟ್, ಡೇವ್ ಎಂಬ ಎರಡು ಎತ್ತುಗಳನ್ನು ಹೂಡಿ, ಬಂದ ದಾರಿಯಲ್ಲಿಯೇ ಪೂರ್ವಕ್ಕೆ ಹಿಂದಿರುಗಿದನು. ಖರ್ಚಿಗೆ ತನ್ನ ಚಿತ್ರದ ಕಾರ್ಡುಗಳನ್ನೂ ತಾನೇ ಬರೆದ ಪುಸ್ತಕವನ್ನೂ ಮಾರಿದನು. ಊರೂರಿನಲ್ಲಿ ನಿಂತು, ಅಲ್ಲಿಯವರನ್ನು ಒಡಂಬಡಿಸಿ, ಹಳೆಯ ದಾರಿಯ ಗುರುತಿಗಾಗಿ ಕಲ್ಲುಗಳನ್ನು ನಿಲ್ಲಿಸಿದನು. ದಾರಿಯಲ್ಲಿ ಟ್ವಿಸ್ಟ್ ಸತ್ತಿತು. ಇನ್ನೊಂದನ್ನು ಹೂಡಿ ನಡೆದನು. ೧೯೦೭ರ ನವೆಂಬರಿನಲ್ಲಿ ರಾಜಧಾನಿಯಾದ ವಾಷಿಂಗ್‌ಟನ್ ನಗರವನ್ನು ಹೊಕ್ಕು, ಅಧ್ಯಕ್ಷನಾದ ಥಿಯೊಡೋರ್ ರೂಸ್ವೆಲ್ಟನಿಗೆ ತನ್ನ ಎತ್ತುಗಳನ್ನು ತೋರಿಸಿದನು. ೧೯೨೪ರಲ್ಲಿ ಅದೇ ದಾರಿಯ ಮೇಲೆ ವಿಮಾನದಲ್ಲಿ ಹಾರಿ, ೧೯೨೮ರಲ್ಲಿ ತೊಂಬತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡನು.

ಒಂದೇ ದಾರಿಯನ್ನು ಎತ್ತಿನ ಬಂಡಿಯಲ್ಲಿಯೂ ವಿಮಾನದಲ್ಲಿಯೂ ದಾಟಿದ ಈ ವೃದ್ಧನು ನೆನಪಿನ ಕಲ್ಲುಗಳನ್ನು ನಿಲ್ಲಿಸಿದ್ದು ಎತ್ತಿನ ದಾರಿಗೆ. ಆ ದಾರಿಯ ಒಂದೊಂದು ಹೊಳೆಯ ಆಳವನ್ನೂ, ಒಂದೊಂದು ಏರಿನಲ್ಲಿ ಎತ್ತು ಬಿಟ್ಟ ಉಸಿರನ್ನೂ ಆತನು ಬಲ್ಲವನಾಗಿದ್ದನು. ಇಂದು ನಾವು ಹೊರಡುವ ಪ್ರಯಾಣಗಳಲ್ಲಿ ಹಿಮದ ಭಯವಿಲ್ಲ, ಹುಲ್ಲಿಗಾಗಿ ಕಾಯಬೇಕಾಗಿಲ್ಲ. ಆದರೂ ಮನೆಮಂದಿಯೆಲ್ಲ ಗಂಟುಮೂಟೆಗಳ ನಡುವೆ ಕುಳಿತು, ಯಾವುದನ್ನು ಕಟ್ಟಬೇಕು, ಯಾವುದನ್ನು ಬಿಡಬೇಕು ಎಂದು ವಾದಿಸುವ ಆ ರಾತ್ರಿ ಮಾತ್ರ ಹಾಗೆಯೇ ಉಳಿದಿದೆ. ಆ ಹೊತ್ತಿನಲ್ಲಿ ಲ್ಯಾರಮಿ ಕೋಟೆಯ ಪಕ್ಕದ ರಾಶಿಯನ್ನು ಒಮ್ಮೆ ನೆನೆದರೆ ಮೂಟೆಯು ಹಗುರವಾದೀತು.